ವಿಂಡೋಸ್ 10ರಿಂದ 11ಕ್ಕೆ: ಯಾವ ಕಂಪ್ಯೂಟರ್‌ಗೆ ಹೌದು, ಯಾವುದಕ್ಕೆ ಬೇಡ

ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಚಿಪ್ ಡಿಸ್ಕ್). ಈ ಮೂರೂ ಇರುವ ಕಂಪ್ಯೂಟರ್ ನಿಮ್ಮದಾದರೆ ವಿಂಡೋಸ್ 11 ಹಾಕಿಕೊಳ್ಳಿ, ಇನ್ನೂ ಕಾದು ಸಿಗುವುದೇನೂ ಇಲ್ಲ. ಹಾರ್ಡ್ ಡಿಸ್ಕ್ ಮೇಲೆ ಓಡುತ್ತಿರುವ ಕಂಪ್ಯೂಟರಾದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ವಿಂಡೋಸ್. ಪ್ರೊಸೆಸರೇ ಹಳೆಯದಾದರೆ ಅಪ್‌ಗ್ರೇಡ್ ಬೇಡ, ಬೇರೆ ದಾರಿಗಳಿವೆ. ನಮ್ಮ ತೀರ್ಪು ಇಷ್ಟೇ. ಆದರೆ ಹೌದು ಎಂದು ನಿರ್ಧರಿಸಿದ ಮೇಲೂ ಎಷ್ಟೋ ಕಡೆ ಕೆಲಸ ಕೆಡುತ್ತದೆ. ಕೆಡಿಸುವುದು ಸಾಮಾನ್ಯವಾಗಿ ಯಾರೂ ಮೊದಲೇ ನೋಡದ ಡಿಸ್ಕ್ ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡಿರುವ ರೀತಿ), ಕನ್ನಡ ಫಾಂಟು, ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸು. ಆದ್ದರಿಂದ ಇಲ್ಲಿ ಹೊಸ ಬಣ್ಣ, ಹೊಸ ಐಕಾನ್‌ಗಳಿಗಿಂತ ಅವುಗಳ ಮಾತೇ ಹೆಚ್ಚು.

ಮೊದಲು ವಿಂಡೋಸ್ 10ರ ಸ್ಥಿತಿ. 2015ರ ಜುಲೈ 29ರಂದು ಬಂದ ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ವರ್ಡ್ ತೆರೆಯುತ್ತದೆ, ಪ್ರಿಂಟ್ ಬರುತ್ತದೆ. ನಿಂತಿರುವುದು ತಿಂಗಳ ಎರಡನೇ ಮಂಗಳವಾರ ಬರುತ್ತಿದ್ದ ಭದ್ರತಾ ಅಪ್‌ಡೇಟ್. ‘ಆಂಟಿವೈರಸ್ ಇದೆಯಲ್ಲ’ ಎನ್ನುವವರು ಒಂದು ವಿಷಯ ಗಮನಿಸಬೇಕು. ಡಿಫೆಂಡರ್‌ಗೆ ವೈರಸ್ ಗುರುತಿನ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ, ನಿಜ. ಆದರೆ ವಿಂಡೋಸ್‌ನಲ್ಲೇ ಇರುವ ತೂತನ್ನು ಆಂಟಿವೈರಸ್ ಮುಚ್ಚುವುದಿಲ್ಲ. ಆ ತೂತಿನಿಂದ ಒಳಬಂದದ್ದನ್ನು ಕಂಡರೆ ಹಿಡಿಯುತ್ತದೆ, ಅಷ್ಟೇ. ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ರಿಟರ್ನ್ ಮಾಡುವ ಕಂಪ್ಯೂಟರ್‌ಗೆ ಅದು ಸಾಲದು.

ಸ್ವಲ್ಪ ಸಮಯ ಬೇಕಾದವರಿಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮನೆ ಬಳಕೆದಾರರಿಗೆ ಅದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 10ರ 22ಎಚ್2 ಆವೃತ್ತಿಯೇ ಇರಬೇಕು. ವಿಂಡೋಸ್ ಕೀ ಮತ್ತು ಆರ್ ಒತ್ತಿದರೆ ತೆರೆಯುವ ರನ್ ಬಾಕ್ಸ್‌ನಲ್ಲಿ ‘ವಿನ್‌ವರ್’ (winver) ಎಂದು ಟೈಪಿಸಿದರೆ ಯಾವುದಿದೆ ಎಂದು ಕಾಣುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಲಿಂಕ್ ಬರುತ್ತದೆ. ಸೆಟ್ಟಿಂಗ್ಸ್ ಬ್ಯಾಕಪ್ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಉಚಿತ, ಇಲ್ಲವೇ 1000 ರಿವಾರ್ಡ್ಸ್ ಪಾಯಿಂಟ್, ಅದೂ ಇಲ್ಲವಾದರೆ 30 ಡಾಲರ್. ಒಂದು ಖಾತೆಯಡಿ 10 ಕಂಪ್ಯೂಟರ್‌ಗಳವರೆಗೆ ಸೇರಿಸಬಹುದು. ಡೊಮೇನ್‌ಗೆ, ಅಂದರೆ ಕಂಪನಿಯ ಕೇಂದ್ರ ಸರ್ವರ್‌ಗೆ, ಜೋಡಿಸಿದ ಆಫೀಸ್ ಕಂಪ್ಯೂಟರ್‌ಗಳಿಗೆ ಇದು ನಡೆಯುವುದಿಲ್ಲ. ತಯಾರಿಗೆ ಬಿಡುವು ಬೇಕಿದ್ದರೆ ಇದನ್ನು ಬಳಸಿಕೊಳ್ಳಿ, ಇದನ್ನೇ ಪರಿಹಾರ ಅಂದುಕೊಳ್ಳಬೇಡಿ.

ಇನ್ನು ಪ್ರೊಸೆಸರ್. ಲ್ಯಾಪ್‌ಟಾಪ್ ಮೇಲಿನ ‘ಐ5’ ಸ್ಟಿಕ್ಕರ್ ಏನನ್ನೂ ಹೇಳುವುದಿಲ್ಲ, ಅದರ ಮುಂದಿನ ಸಂಖ್ಯೆ ನೋಡಬೇಕು. ಐ5-7200ಯು ಏಳನೇ ಜನರೇಷನ್, ಅದಕ್ಕೆ ವಿಂಡೋಸ್ 11 ಇಲ್ಲ. ಐ5-8250ಯು ಎಂಟನೆಯದು, ಅದಕ್ಕೆ ಇದೆ. ಏಳನೆಯದರಲ್ಲಿ ಬೆರಳೆಣಿಕೆಯ ವಿನಾಯಿತಿಗಳಿವೆ, ಆದರೆ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಅವು ಸಿಗುವುದು ಅಪರೂಪ. ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮುಂದಕ್ಕೆ ಎನ್ನುತ್ತಾರೆ, ಅಲ್ಲೂ ಒಂದು ಬಲೆ ಇದೆ: 2200ಜಿ, 2400ಜಿ ಚಿಪ್‌ಗಳ ಹೆಸರಷ್ಟೇ 2000, ಒಳಗಿರುವುದು ಮೊದಲ ಪೀಳಿಗೆಯ ವಿನ್ಯಾಸ, ಅವು ಪಟ್ಟಿಯಲ್ಲಿಲ್ಲ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆಪ್ ಹಾಕಿ ಒಮ್ಮೆ ನೋಡಿಬಿಡಿ, ಯಾವುದು ಅಡ್ಡಿ ಎಂದು ಹೆಸರು ಹಿಡಿದು ಹೇಳುತ್ತದೆ.

ಕಂಪನಿ ಹೇಳುವ ಕನಿಷ್ಠ ಬೇಡಿಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. 4 ಜಿಬಿಯಲ್ಲಿ ವಿಂಡೋಸ್ 11 ಬೂಟ್ ಆಗುತ್ತದೆ, ಕ್ರೋಮ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದ ಕೂಡಲೇ ಏದುಸಿರು ಬಿಡುತ್ತದೆ. 8 ಜಿಬಿಯನ್ನೇ ನಿಜವಾದ ಕನಿಷ್ಠ ಎಂದು ಹಿಡಿಯಿರಿ. ಹಾರ್ಡ್ ಡಿಸ್ಕ್ ವಿಷಯದಲ್ಲಿ ನಾವು ಇನ್ನೂ ಕಟ್ಟುನಿಟ್ಟು. ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಂ ನೋಡಿ. ಲಾಗಿನ್ ಆಗಿ ಹತ್ತು ನಿಮಿಷವಾದರೂ ಅದು 100 ಪರ್ಸೆಂಟ್‌ನಲ್ಲೇ ನಿಂತಿದ್ದರೆ ಆ ಕಂಪ್ಯೂಟರ್ ವಿಂಡೋಸ್ 10ರಲ್ಲೇ ಸೋತಿದೆ. ಅದಕ್ಕೆ ಹೊಸ ವಿಂಡೋಸ್ ಹಾಕಿದರೆ ಇನ್ನಷ್ಟು ನಿಧಾನವಾಗುತ್ತದೆ.

256 ಜಿಬಿಯ ಎಸ್‌ಎಸ್‌ಡಿ ಮನೆ, ಸಣ್ಣ ಆಫೀಸಿಗೆ ಸಾಕು. ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ತಳ ಬಿಚ್ಚಿ ನೋಡಿ. ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ) ಇದ್ದರೆ ಅದು ವೇಗದ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ತೆಗೆದುಕೊಳ್ಳುತ್ತದೋ ಬರೀ ಹಳೆಯ ಸಾಟಾ ಮಾದರಿ ಮಾತ್ರವೋ ಎಂದು ಮಾಡೆಲ್ ನಂಬರ್ ಹಾಕಿ ಖಚಿತಪಡಿಸಿಕೊಳ್ಳಿ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ, ಆದರೆ ಸಾಟಾ ಸ್ಲಾಟಿನಲ್ಲಿ ಎನ್‌ವಿಎಂಇ ಕೆಲಸ ಮಾಡುವುದಿಲ್ಲ. ಸ್ಲಾಟ್ ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ತೆಗೆದ ಹಾರ್ಡ್ ಡಿಸ್ಕನ್ನು ಡಿವಿಡಿ ಡ್ರೈವ್ ಇದ್ದ ಕಡೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಕೂರಿಸಬಹುದು. ಕ್ಯಾಡಿ 9.5 ಮಿಮೀ ಮತ್ತು 12.7 ಮಿಮೀ ಎಂಬ ಎರಡು ದಪ್ಪದಲ್ಲಿ ಬರುತ್ತದೆ, ಅಳೆಯದೆ ತಂದರೆ ಕೂರುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವವರು ಹಳೆಯ ಡಿವಿಡಿ ಡ್ರೈವನ್ನೇ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು.

ಪ್ರೊಸೆಸರ್ ಸರಿಯಿದ್ದೂ ಹೆಲ್ತ್ ಚೆಕ್ ‘ಆಗದು’ ಎಂದರೆ ಬಹುಪಾಲು ಕಾರಣ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ, ಇರುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಇಟ್ಟುಕೊಳ್ಳುವ ಭಾಗ) ಮತ್ತು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಏಳುವಾಗ ನಂಬಿಕಸ್ಥ ಪ್ರೋಗ್ರಾಂ ಮಾತ್ರ ಓಡಲು ಬಿಡುವ ವ್ಯವಸ್ಥೆ) ಬೇಕು. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ ಇದ್ದೇ ಇರುತ್ತದೆ, ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡುವ ಮೊದಲು ಬಯಾಸ್ ಅಪ್‌ಡೇಟ್ ಮಾಡಿ; ಕೆಲವು ಎಎಂಡಿ ಬೋರ್ಡ್‌ಗಳಲ್ಲಿ ಎಫ್‌ಟಿಪಿಎಂ ಆನ್ ಆದಾಗ ಆಗಾಗ ಕ್ಷಣಕಾಲ ತಡವರಿಸುವ ದೋಷವಿತ್ತು, 2022ರ ಬಯಾಸ್ ಅಪ್‌ಡೇಟ್‌ಗಳಲ್ಲಿ ಸರಿಪಡಿಸಿದರು.

ಸೆಕ್ಯೂರ್ ಬೂಟ್ ಕಥೆ ಸ್ವಲ್ಪ ಉದ್ದ, ನಮ್ಮ ಕಡೆ ಅಪ್‌ಗ್ರೇಡ್ ಹೆಚ್ಚು ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ರನ್ ಬಾಕ್ಸ್‌ನಲ್ಲಿ ‘ಎಂಎಸ್‌ಇನ್ಫೋ32’ (msinfo32) ಕೊಟ್ಟು ಬಯಾಸ್ ಮೋಡ್ ಎಂಬ ಸಾಲು ಓದಿ. ‘ಯುಇಎಫ್‌ಐ’ (ಹೊಸ ಮಾದರಿಯ ಬಯಾಸ್) ಎಂದಿದ್ದರೆ ಚಿಂತೆಯಿಲ್ಲ. ‘ಲೆಗಸಿ’ ಎಂದಿದ್ದರೆ ಡಿಸ್ಕ್‌ನ ಭಾಗಗಳ ಪಟ್ಟಿ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿದೆ ಎಂದರ್ಥ, ಅದನ್ನು ಹೊಸ ಮಾದರಿಯಾದ ಜಿಪಿಟಿಗೆ ಬದಲಿಸಬೇಕು. ಅದಕ್ಕೆ ವಿಂಡೋಸ್‌ನಲ್ಲೇ ‘ಎಂಬಿಆರ್2ಜಿಪಿಟಿ’ (mbr2gpt) ಎಂಬ ಸಾಧನವಿದೆ, ಡೇಟಾ ಅಳಿಸದೆ ಬದಲಿಸುತ್ತದೆ. ಆದರೆ ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಕೂಡದು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಪಾರ್ಟಿಷನ್ ಒಂದೂ ಇರಕೂಡದು ಎಂಬುದು ಅದರ ಷರತ್ತು. ಸಿ, ಡಿ, ಇ, ಎಫ್ ಎಂದು ನಾಲ್ಕು ಡ್ರೈವ್ ಮಾಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ, ಅದರಲ್ಲಿ ಸಿ ಬಿಟ್ಟು ಉಳಿದವು ಎಷ್ಟೋ ಸಲ ಲಾಜಿಕಲ್. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಅವುಗಳ ಸುತ್ತ ಹಸಿರು ಚೌಕಟ್ಟು ಕಾಣುತ್ತದೆ. ಹಾಗಿದ್ದಲ್ಲಿ ಡಿ, ಇ, ಎಫ್‌ನ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಕಾಪಿಯಾದದ್ದು ತೆರೆಯುತ್ತದೆಯೇ ಎಂದು ನೋಡಿ, ಆ ಪಾರ್ಟಿಷನ್‌ಗಳನ್ನು ಅಳಿಸಿ, ಕೊನೆಗೆ ಹಸಿರು ಚೌಕಟ್ಟನ್ನೂ ಅಳಿಸಬೇಕು. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಆ ಸಾಧನವನ್ನು ಮೊದಲು ‘ವ್ಯಾಲಿಡೇಟ್’ (/validate), ಅದು ಪಾಸಾದರೆ ‘ಕನ್ವರ್ಟ್’ (/convert) ಜೊತೆ ಓಡಿಸಿ. ಎರಡಕ್ಕೂ ಜೊತೆಗೆ ‘ಅಲೌಫುಲ್‌ಓಎಸ್’ (/allowFullOS) ಸ್ವಿಚ್ ಬೇಕು.

ಬದಲಾದ ಮೇಲೆ ಬಯಾಸ್‌ಗೆ ಹೋಗಿ ಸಿಎಸ್‌ಎಂ (ಹಳೆಯ ಲೆಗಸಿ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಮಾಡಿ, ಯುಇಎಫ್‌ಐ ಆರಿಸಿ, ಸೆಕ್ಯೂರ್ ಬೂಟ್ ಆನ್ ಮಾಡಿ. ಕ್ರಮ ತಲೆಕೆಳಗಾದರೆ, ಅಂದರೆ ಡಿಸ್ಕ್ ಬದಲಿಸುವ ಮೊದಲೇ ಬಯಾಸ್ ಬದಲಿಸಿದರೆ, ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಎನ್ನುತ್ತದೆ. ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ, ಬಯಾಸ್ ಅನ್ನು ಲೆಗಸಿಗೆ ಮರಳಿಸಿದರೆ ಹಳೆಯ ವಿಂಡೋಸ್ ಹಾಗೇ ಏಳುತ್ತದೆ. ಹೊಸ ಬೋರ್ಡ್‌ಗೆ ತುಂಬ ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಸಿಎಸ್‌ಎಂ ಆಫ್ ಆದ ಕೂಡಲೇ ಪರದೆ ಕಪ್ಪಾಗಬಹುದು. ಯುಇಎಫ್‌ಐ ಅರಿಯದ ಕಾರ್ಡ್ ಅದು. ಕಾರ್ಡ್ ತೆಗೆದು ಪ್ರೊಸೆಸರ್‌ನ ಗ್ರಾಫಿಕ್ಸ್ ಪೋರ್ಟ್‌ಗೆ ಕೇಬಲ್ ಚುಚ್ಚಿ.

ಬಯಾಸ್ ಮುಟ್ಟುವ ಮೊದಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕ್‌ನ ಡೇಟಾಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಇದ್ದರೆ ಬಯಾಸ್ ಬದಲಾವಣೆಯ ನಂತರ ಕಂಪ್ಯೂಟರ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದಿಲ್ಲದೆ ಡೇಟಾ ತೆಗೆಯಲು ಯಾರಿಂದಲೂ ಆಗದು, ಎಷ್ಟು ದುಡ್ಡು ಕೊಟ್ಟರೂ. ಕೀ ಇರುವುದು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮೊದಲು ಸೆಟಪ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯವರೇ ತಮ್ಮ ಖಾತೆ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವರ ಬಳಿ ಇದೆ! ಇವತ್ತೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬಯಾಸ್‌ಗೆ ಹೋಗುವ ಮುನ್ನ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ.

ಇನ್ನು ಕನ್ನಡ. ಯೂನಿಕೋಡ್‌ನಲ್ಲೇ ಕೆಲಸ ಮಾಡುವವರಿಗೆ ಅಪ್‌ಗ್ರೇಡ್‌ನಿಂದ ತೊಂದರೆಯಿಲ್ಲ. ಇನ್‌ಸ್ಕ್ರಿಪ್ಟ್ ಮೊದಲಿನಿಂದಲೂ ಇತ್ತು, 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಕೂಡ ಇದೆ, 11ರಲ್ಲೂ ಎರಡೂ ಇವೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಿಸಿಕೊಳ್ಳಬಹುದು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಬರುವ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿಯಲ್ಲಿ ಮೆನುಗಳ ಭಾಷೆ ಬದಲಿಸಲಾಗದು, ಆದರೆ ಕನ್ನಡ ಟೈಪಿಂಗ್‌ಗೆ ಅದು ಅಡ್ಡಿಯಲ್ಲ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುವವರು ಎರಡು ವಿಷಯ ನೆನಪಿಡಬೇಕು. ಒಂದು: ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪ್ರೋಗ್ರಾಂನಲ್ಲಿ ಮಾತ್ರ ಕನ್ನಡ ಬೀಳುತ್ತಿಲ್ಲ, ಉಳಿದ ಕಡೆ ಬೀಳುತ್ತಿದೆ ಎಂದಾದರೆ ದೋಷ ಕೀಬೋರ್ಡ್‌ನದಲ್ಲ. ಕೆಳಗಿನ ಹಕ್ಕಿನ ಪ್ರೋಗ್ರಾಂ ಮೇಲಿನ ಹಕ್ಕಿನದರ ಕಿಟಕಿಗೆ ಕೀಲಿ ಕಳಿಸುವುದನ್ನು ವಿಂಡೋಸ್ ತಡೆಯುತ್ತದೆ. ನುಡಿಯನ್ನೂ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ತೆರೆದರೆ ಸರಿಯಾಗುತ್ತದೆ. ಎರಡು: ಫಾಂಟು. ಯೂನಿಕೋಡ್‌ಗೆ ಮೊದಲಿನ ಆಸ್ಕಿ ಫಾಂಟ್‌ನಲ್ಲಿ ಮಾಡಿಟ್ಟ ಹಳೆಯ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜಾಗಿ ಕಾಣುತ್ತವೆ. ಫೈಲ್, ಆಪ್ ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿದರೆ ಫಾಂಟ್‌ಗಳು ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುವುದಾದರೆ ಬ್ಯಾಕಪ್ ಬೇಕು, ಮತ್ತು ಫಾಂಟ್‌ಗಳು ಎರಡು ಕಡೆ ಇರಬಹುದು. ಒಂದು ಎಲ್ಲರಿಗೂ ಗೊತ್ತಿರುವ ವಿಂಡೋಸ್ ಫೋಲ್ಡರ್‌ನ ಫಾಂಟ್ಸ್. ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದ ಫಾಂಟ್ ಮಾತ್ರ ಬಳಕೆದಾರರ ಆಪ್‌ಡೇಟಾ ಫೋಲ್ಡರ್‌ನೊಳಗೆ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬಲ್ಲಿ ಹೋಗಿ ಕೂತಿರುತ್ತದೆ. ಆಪ್‌ಡೇಟಾ ಮರೆಯಾಗಿರುವ ಫೋಲ್ಡರ್, ಹಾಗಾಗಿ ಅದು ಬ್ಯಾಕಪ್‌ನಿಂದ ತಪ್ಪಿಹೋಗುತ್ತದೆ. ಮತ್ತೆ ಹಾಕುವಾಗ ಬಲ ಕ್ಲಿಕ್ ಮಾಡಿ ‘ಎಲ್ಲ ಬಳಕೆದಾರರಿಗೆ’ ಎಂಬ ಆಯ್ಕೆಯಲ್ಲೇ ಹಾಕಿ. ಕೆಲವು ಹಳೆಯ ಡಿಟಿಪಿ ಸಾಫ್ಟ್‌ವೇರ್‌ಗಳಿಗೆ ಒಬ್ಬರಿಗಷ್ಟೇ ಹಾಕಿದ ಫಾಂಟ್ ಕಾಣುವುದೇ ಇಲ್ಲ.

ತುಂಗಾ ಫಾಂಟ್ ಬಗ್ಗೆಯೂ ಒಂದು ಮಾತು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದ್ದ ಅದು ಈಗ ಐಚ್ಛಿಕ. ಹೊಸ ಇನ್‌ಸ್ಟಾಲ್‌ನಲ್ಲಿ ಅದಿಲ್ಲದೆ ಕಡತ ತೆರೆದರೆ ಅಕ್ಷರ ನಿರ್ಮಲಾ ಯುಐಗೆ ಬದಲಾಗಿ ಸಾಲುಗಳು ಜರುಗುತ್ತವೆ, ಒಂದು ಪುಟದ ಪತ್ರ ಎರಡು ಪುಟವಾಗಬಹುದು. ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹುಡುಕಿ ಸೇರಿಸಿದರೆ ಸಾಕು.

ಲೆಕ್ಕದ ಕಂಪ್ಯೂಟರ್‌ನಲ್ಲಿ ಟ್ಯಾಲಿ ಇದ್ದರೆ, ಫಾರ್ಮ್ಯಾಟ್ ಅಥವಾ ಡಿಸ್ಕ್ ಬದಲಾವಣೆಗೆ ಮುನ್ನ ಅದರ ಲೈಸೆನ್ಸನ್ನು ಸರೆಂಡರ್ ಮಾಡಿ, ನಂತರ ಮತ್ತೆ ಆ್ಯಕ್ಟಿವೇಟ್ ಮಾಡಿ. ಲೈಸೆನ್ಸ್ ಆ ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ಮರೆತರೆ ತಿಂಗಳ 20ನೇ ತಾರೀಖಿನ ರಿಟರ್ನ್ ಎದುರಿಟ್ಟುಕೊಂಡು ಸಪೋರ್ಟ್‌ಗೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ. ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ನೊಳಗಿನ ಸಹಿಗೆ ಏನೂ ಆಗದು, ಅದರ ಡ್ರೈವರ್, ಜಿಎಸ್‌ಟಿಯ ಎಂಸೈನರ್, ಆದಾಯ ತೆರಿಗೆಯ ಎಂಬ್ರಿಡ್ಜ್ ಇವುಗಳ ಹೊಸ ಆವೃತ್ತಿ ಮತ್ತೆ ಹಾಕಬೇಕಾಗಬಹುದು. ತೀರ ಹಳೆಯ ಡಾಂಗಲ್ ಡ್ರೈವರ್ ಆದರೆ ವಿಂಡೋಸ್‌ನ ಕೋರ್ ಐಸೊಲೇಷನ್‌ನಲ್ಲಿರುವ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಅದನ್ನು ತಡೆಯುತ್ತದೆ. ಆ ರಕ್ಷಣೆಯನ್ನು ಆಫ್ ಮಾಡುವ ಮೊದಲು ಹೊಸ ಡ್ರೈವರ್ ಇದೆಯೇ ಎಂದು ಕೇಳಿ. ಈಗಿರುವ ವಿಂಡೋಸ್ 10 32 ಬಿಟ್‌ನದ್ದಾದರೆ ನೇರ ಅಪ್‌ಗ್ರೇಡ್ ಇಲ್ಲ, ಹೊಸದಾಗಿ ಹಾಕಬೇಕು, ಏಕೆಂದರೆ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಆಗ ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಬೇಕು, 16 ಬಿಟ್ ಪ್ರೋಗ್ರಾಂಗಳು ಓಡುವುದಿಲ್ಲ. ಡಾಸ್ ಕಾಲದ ಬಿಲ್ಲಿಂಗ್ ಇಟ್ಟುಕೊಂಡ ಅಂಗಡಿಗಳು ಇದನ್ನು ಮೊದಲು ನೋಡಬೇಕು.

ಸಣ್ಣ ಆಫೀಸುಗಳಲ್ಲಿ ಅಪ್‌ಗ್ರೇಡ್ ಆದ ಮರುದಿನ ಕೇಳಿಬರುವ ದೂರು ‘ಶೇರ್ ಫೋಲ್ಡರ್ ತೆರೆಯುತ್ತಿಲ್ಲ’ ಎಂಬುದು. ವಿಂಡೋಸ್ 11ರ 24ಎಚ್2 ಅಪ್‌ಡೇಟ್‌ನಿಂದ ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕ ನಿಂತಿದೆ, ಶೇರ್ ಸಂಪರ್ಕದ ಅಸಲಿತನ ಪರೀಕ್ಷಿಸುವ ಎಸ್‌ಎಂಬಿ ಸೈನಿಂಗ್ ಕಡ್ಡಾಯವಾಗಿದೆ. ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಸಂಗ್ರಹ) ತಿದ್ದಿ ಹಳೆಯ ದಾರಿ ತೆರೆಯುವ ವಿಡಿಯೋಗಳು ಬೇಕಾದಷ್ಟಿವೆ, ಅವುಗಳ ಹಿಂದೆ ಹೋಗಬೇಡಿ. ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಲೋಕಲ್ ಯೂಸರ್ ಮಾಡಿ, ಶೇರ್‌ಗೆ ಆ ಹೆಸರಿನ ಅನುಮತಿ ಕೊಟ್ಟು, ಉಳಿದ ಕಂಪ್ಯೂಟರ್‌ಗಳಲ್ಲಿ ಅದೇ ಹೆಸರು, ಪಾಸ್‌ವರ್ಡ್ ಉಳಿಸಿಡಿ.

ಅಪ್‌ಗ್ರೇಡ್ ಮಾಡುವ ಕೆಲಸ ಸುಲಭ. ಅಸಲಿ ವಿಂಡೋಸ್ 10 ಇದ್ದವರಿಗೆ ದುಡ್ಡಿಲ್ಲ, ಲೈಸೆನ್ಸ್ ತಾನಾಗಿ ಮುಂದುವರಿಯುತ್ತದೆ, ಹೋಮ್ ಇದ್ದದ್ದು ಹೋಮ್ ಆಗಿ, ಪ್ರೊ ಇದ್ದದ್ದು ಪ್ರೊ ಆಗಿ. ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಇರಲಿ. ಬೇರೆ ಕಂಪನಿಯ ಆಂಟಿವೈರಸ್ ತೆಗೆಯಿರಿ, ಟೋಕನ್, ಪೆನ್‌ಡ್ರೈವ್, ಹೊರಗಿನ ಡಿಸ್ಕ್ ಕಿತ್ತಿಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು. ನಡುವೆ ಕರೆಂಟ್ ಹೋದರೆ ಹಳೆಯದಕ್ಕೆ ಮರಳುವ ಪ್ರಯತ್ನವೂ ಅರ್ಧಕ್ಕೆ ನಿಲ್ಲಬಹುದು. ಒಂದೇ ಕಂಪ್ಯೂಟರಾದರೆ ಮೈಕ್ರೋಸಾಫ್ಟ್‌ನ ಇನ್‌ಸ್ಟಲೇಷನ್ ಅಸಿಸ್ಟೆಂಟ್ ಪ್ರೋಗ್ರಾಂ ಸಾಕು. ಹಲವು ಇದ್ದರೆ ಐಎಸ್‌ಒ (ಇಡೀ ವಿಂಡೋಸ್ ಇನ್‌ಸ್ಟಲೇಷನ್ ಇರುವ ಒಂದೇ ಫೈಲ್) ಇಳಿಸಿಕೊಳ್ಳಿ, 5 ಜಿಬಿಗೂ ಮೇಲಿರುತ್ತದೆ, ಡಬಲ್ ಕ್ಲಿಕ್ ಮಾಡಿ ಒಳಗಿನ ಸೆಟಪ್ ಓಡಿಸಿ. ಏನನ್ನು ಉಳಿಸಿಕೊಳ್ಳಬೇಕು ಎಂದು ಕೇಳುವ ಪುಟದಲ್ಲಿ ಫೈಲ್‌ಗಳೂ ಆಪ್‌ಗಳೂ ಎಂಬ ಆಯ್ಕೆ ಮಸುಕಾಗಿದ್ದರೆ ಅಲ್ಲೇ ನಿಲ್ಲಿಸಿ. ಸಾಮಾನ್ಯವಾಗಿ ಐಎಸ್‌ಒ ಭಾಷೆ ಹೊಂದಿಲ್ಲ ಎಂದರ್ಥ: ಕಂಪ್ಯೂಟರ್‌ನಲ್ಲಿ ಅಮೆರಿಕನ್ ಇಂಗ್ಲಿಷ್ ಇದ್ದು ನೀವು ಇಳಿಸಿದ್ದು ‘ಇಂಗ್ಲಿಷ್ ಇಂಟರ್‌ನ್ಯಾಷನಲ್’ ಆಗಿರುತ್ತದೆ, ಅಥವಾ ಅದಲುಬದಲು.

ನಡುವೆ ಕೈಕೊಟ್ಟರೆ ಕೋಡ್ ಬರೆದುಕೊಳ್ಳಿ. ಕೊನೆಯಲ್ಲಿ 80070070 ಇದ್ದರೆ ಜಾಗ ಸಾಲದು. ಸಿ1900101 ಎಂದು ಶುರುವಾದರೆ ಯಾವುದೋ ಡ್ರೈವರ್ ಅಡ್ಡಿ. ಡಿಸ್‌ಪ್ಲೇ, ವೈಫೈ ಡ್ರೈವರ್‌ಗಳನ್ನು ತಯಾರಕರ ಸೈಟಿನಿಂದ ಹೊಸದು ಮಾಡಿ ಮತ್ತೆ ಓಡಿಸಿ.

ಆದ ಮೇಲೆ ಹಿಂದಿರುಗಲು 10 ದಿನ ಅವಕಾಶ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವ ಡಿಸ್ಮ್ (dism) ಕಮಾಂಡ್ ಮೂಲಕ ಅದನ್ನು 60 ದಿನಕ್ಕೆ ಏರಿಸಬಹುದು, ಮೊದಲ ದಿನವೇ ಏರಿಸಿಡಿ. ಜಾಗ ತುಂಬಿತೆಂದು ಹಳೆಯ ವಿಂಡೋಸ್ ಇರುವ ವಿಂಡೋಸ್ ಓಲ್ಡ್ (Windows.old) ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿತು.

ಬಳಸಲು ಹೇಗಿದೆ? ಚೊಕ್ಕವಾಗಿದೆ. ಒಂದೇ ಪರದೆಯಲ್ಲಿ ಎರಡು ಮೂರು ಕಿಟಕಿ ಜೋಡಿಸುವುದು 10ಕ್ಕಿಂತ ಎಷ್ಟೋ ಸಲೀಸು, ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಟ್ಯಾಬ್ ಬಂದಿರುವುದು ದಿನವಿಡೀ ಕಡತ ಹುಡುಕುವವರಿಗೆ ದೊಡ್ಡ ಅನುಕೂಲ. ನಡುವಿಗೆ ಬಂದ ಸ್ಟಾರ್ಟ್ ಬಟನ್ನನ್ನು ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಒಯ್ಯಬಹುದು. ಬಲ ಕ್ಲಿಕ್ ಮೆನುವನ್ನು ಮೊಟಕು ಮಾಡಿದ್ದು ನಮಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಪೂರ್ತಿ ಮೆನುಗೆ ಶಿಫ್ಟ್ ಮತ್ತು ಎಫ್10 ಒತ್ತಿ. ವರ್ಡ್‌ಪ್ಯಾಡ್ ತೆಗೆದುಹಾಕಿದ್ದಾರೆ, ಆಫೀಸ್ ಇಲ್ಲದವರು ಲಿಬ್ರೆಆಫೀಸ್ ಹಾಕಿಕೊಳ್ಳಿ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಒನ್‌ಡ್ರೈವ್ ಬ್ಯಾಕಪ್ ಬಗ್ಗೆ. ಸೆಟಪ್ ವೇಳೆ ಒಪ್ಪಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳೇ ಒನ್‌ಡ್ರೈವ್ ಒಳಗೆ ಸರಿಯುತ್ತವೆ, ಉಚಿತ 5 ಜಿಬಿ ಬೇಗ ತುಂಬುತ್ತದೆ. ಬೇಡವಾದರೆ ಆರಂಭದಲ್ಲೇ ಬೇಡ ಎನ್ನಿ.

ಆರು, ಏಳನೇ ಜನರೇಷನ್‌ನವರು ಕೇಳುವುದು ರೂಫಸ್ (ಇನ್‌ಸ್ಟಲೇಷನ್ ಪೆನ್‌ಡ್ರೈವ್ ಮಾಡುವ ಪ್ರೋಗ್ರಾಂ) ಅಥವಾ ರಿಜಿಸ್ಟ್ರಿ ಮೂಲಕ ಪರಿಶೀಲನೆ ದಾಟಿಸಿ ಹಾಕಬಹುದೇ ಎಂದು. ಹಾಕಬಹುದು, ಓಡುತ್ತದೆ. ಆದರೆ ಇಂಥ ಕಂಪ್ಯೂಟರ್‌ಗೆ ಅಪ್‌ಡೇಟ್ ಹಕ್ಕಾಗಿ ಸಿಗುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ, ವರ್ಷದ ದೊಡ್ಡ ಅಪ್‌ಡೇಟ್‌ಗಳನ್ನು ಪ್ರತಿ ಸಲ ಕೈಯಾರೆ ಹಾಕಬೇಕು. 24ಎಚ್2 ಬಂದಾಗ ಎಸ್‌ಎಸ್‌ಇ 4.2 ಎಂಬ ಪ್ರೊಸೆಸರ್ ಸೌಲಭ್ಯ ಇಲ್ಲದ ಕೋರ್ 2 ಡ್ಯುಯೊ ಕಂಪ್ಯೂಟರ್‌ಗಳಲ್ಲಿ ಅದು ಬೂಟ್ ಆಗದೆ ಹೋಯಿತು. ಕಲಿಯಲು ಇಟ್ಟ ಹಳೆಯ ಲ್ಯಾಪ್‌ಟಾಪ್‌ಗೆ ಸರಿ, ಸಂಬಳದ ಪಟ್ಟಿ ಇರುವ ಕಂಪ್ಯೂಟರ್‌ಗೆ ಬೇಡ.

ಅಂಥವರಿಗೆ ಎರಡು ದಾರಿ. ಬ್ರೌಸರ್, ಪತ್ರ, ಯೂಟ್ಯೂಬ್ ಇಷ್ಟೇ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಪ್ರೋಗ್ರಾಂಗಳನ್ನು ಸೇರಿಸಿದರೆ ನುಡಿಯ ಕೆಜಿಪಿ ಕೀಲಿಮಣೆಯೇ ಅಲ್ಲಿ ಸಿಗುತ್ತದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಟ್ಯಾಲಿ ಇದ್ದರೆ ಇದು ಆಗದು. ಆಗ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ನೋಡಿ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490 ಎರಡೂ ಗಟ್ಟಿ ಯಂತ್ರಗಳು. ಆದರೆ ಇದೇ ಮಾಡೆಲ್‌ಗಳಲ್ಲಿ ಏಳನೇ ಜನರೇಷನ್‌ನ ಐ5-7300ಯು ಕೂಡ ಬಂದಿದೆ. ದುಡ್ಡು ಕೊಡುವ ಮೊದಲು ಆನ್ ಮಾಡಿಸಿ, ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ 8250ಯು ಅಥವಾ 8350ಯು ಎಂದು ಕಣ್ಣಾರೆ ನೋಡಿ, ಬಯಾಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲವೇ ಎಂದೂ ಪರೀಕ್ಷಿಸಿ. ಆ ಪಾಸ್‌ವರ್ಡ್ ಇದ್ದರೆ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಮುಟ್ಟಲೂ ಆಗುವುದಿಲ್ಲ.